ಉಪ್ಪು ನೋಡದ ಕೈ

ನಮ್ಮ ಮನೆಯಲ್ಲಿ ದೇವರಿಗೆ ಎಡೆ ಹಿಡಿಯುವ ಮೊದಲು ಒಲೆಯ ಮೇಲಿನದನ್ನು ಯಾರೂ ಬಾಯಿಗೆ ಹಾಕಿ ನೋಡುವುದಿಲ್ಲ. ಉಪ್ಪು ಕೈಯಳತೆಯ ಮೇಲೆ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಹಾಗೇ ಅಡುಗೆ ಮಾಡುತ್ತಿದ್ದೇನೆ. ಎಷ್ಟೋ ಸಲ ಉಪ್ಪು ಹೆಚ್ಚಾಗಿದೆ, ಎಷ್ಟೋ ಸಲ ಕಡಿಮೆ. ಹೆಚ್ಚಾದ ದಿನ ಮನೆಯವರು ಇನ್ನೊಂದು ಲೋಟ ಮಜ್ಜಿಗೆ ಕೇಳುತ್ತಾರೆ, ಕಡಿಮೆಯಾದ ದಿನ ಉಪ್ಪಿನ ಡಬ್ಬಿ, ಅಷ್ಟೇ. ಅದೂ ದೇವರ ದಯೆ.

ಈ ರೂಢಿ ನನ್ನ ಮಗಳಿಗೆ ಶಾಲೆಯಲ್ಲಿ ಅಡ್ಡ ಬಂದೀತೆಂದು ಮಾತ್ರ ಎಣಿಸಿರಲಿಲ್ಲ.

ಅವಳ ಎಂಟನೇ ತರಗತಿಯವರಿಗೆ ಶನಿವಾರ ಅಡುಗೆ ಕ್ಲಾಸು ಶುರುವಾಗಿತ್ತು, ಹುಡುಗರಿಗೂ ಸೇರಿ. ಮೊದಲ ಪಾಠ ಪಾಸ್ತಾ. ಕುದಿಯುವ ನೀರಿಗೆ ಉಪ್ಪು ಹಾಕಿ ಬೇಯಿಸಬೇಕು, ಬಸಿಯಬೇಕು, ಟೊಮೆಟೊ ರಸದಲ್ಲಿ ಕಲೆಸಬೇಕು. ನಾಲ್ವರಿಗೆ ಒಂದು ಒಲೆ. ಅಂದು ಮಗಳು ಬಂದವಳೇ ಚೀಲ ಎಸೆದಳು.

"ನಾ ಇನ್ನ ಆ ಕ್ಲಾಸಿಗೆ ಹೋಗಂಗಿಲ್ಲ ಮಮ್ಮಿ."

"ಯಾಕ, ಏನಾತು?"

"ಉಪ್ಪು ನನ್ನ ಕೆಲಸ ಇತ್ತು. ಟೀಚರು ರುಚಿ ನೋಡು ಅಂದ್ರು, ನಾ ನೋಡ್ಲಿಲ್ಲ. ನೀನರ ನೋಡ ಅಂತ ಗೆಳತಿಗೆ ಅಂದ್ರ, ಆಕೀದು ರಂಜಾನ್ ರೋಜಾ, ಉಪಾಸ. 'ಇಬ್ರೂ ಸೇರಿ ದೇವ್ರನ್ನ ಕರೀರಿ, ಅವನೇ ಬಂದು ಉಪ್ಪು ನೋಡ್ತಾನ' ಅಂತ ಹುಡುಗ್ರು ನಕ್ಕರು."

ಹಾಕಿದ ಉಪ್ಪೆಲ್ಲ ನೀರಿನ ಜೊತೆ ಬಸಿದುಹೋಯಿತೆಂದು ತಿಳಿದು, ಇವಳು ರಸಕ್ಕೆ ಮತ್ತೆ ಹಿಡಿ ತುಂಬ ಸುರಿದಿದ್ದಳು. ಯಾರಿಗೂ ಬಾಯಿಗಿಡಲಾಗಲಿಲ್ಲವಂತೆ. ಮುಂದಿನ ಶನಿವಾರ ಅದೇ ಪಾಠ ಮತ್ತೊಮ್ಮೆ. ರುಚಿ ನೋಡದವಳು ಒಲೆಯ ಹತ್ತಿರ ಬರಕೂಡದು, ಪಾತ್ರೆ ತೊಳೆಯಲಿ ಎಂದು ಜೊತೆಯವರು ಹೇಳಿಬಿಟ್ಟಿದ್ದರು.

"ನೀನ ಹೇಳು. ನೋಡ್ಲ್ಯಾ, ಬ್ಯಾಡಾ?"

ನೋಡು ಎಂದರೆ ನಾನೇ ಕಲಿಸಿದ್ದನ್ನು ನಾನೇ ಮುರಿದಂತೆ. ಬೇಡ ಎಂದರೆ ಮಗಳು ಎಲ್ಲರೆದುರು ಪಾತ್ರೆ ತೊಳೆಯಬೇಕು. ಮೂರು ದಿನ ದೇವರ ಜಗಲಿಯ ಮುಂದೆ ದೀಪ ಹಚ್ಚುವಾಗ ಅವನನ್ನು ಕೇಳಿದೆ. ಕೊನೆಗೆ ಅತ್ತೆಯವರನ್ನೇ ಕೇಳಿದೆ. ಹೆದರಿಕೆಯಿತ್ತು, ಈ ರೂಢಿಯನ್ನು ನನಗೆ ಹೇಳಿದವರೇ ಅವರು. ನನ್ನ ತವರಿಂದ ಬಂದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

"ಸಾಲ್ಯಾಗ ಎಡಿ ಹಿಡೀತಾರೇನು?"

"ಇಲ್ರೀ ಅತ್ತಿ."

"ಮತ್ತ? ಅದು ಕಲಿಯೂ ಅಡಗಿ. ನಮ್ಮವ್ವ ನನಗ ದಿನಾ ಅಂಗೈಗೆ ಸಾರು ಹನಿಸಿ ನೆಕ್ಕಿಸ್ಯಾಳ. ಮೊದಲ ನಾಲಿಗಿ ಕಲೀಬೇಕು, ಆಮ್ಯಾಲ ಕೈ ಕಲೀತೈತಿ. ನಿಮ್ಮವ್ವ ನಿನಗ ಕಲಿಸಿರಬೇಕು ಅಂತ ನಾ ತಿಳಕೊಂಡಿದ್ದೆ."

ಇನ್ನೊಂದು ತೊಟ್ಟು ಮುರಿದು ಮೊರಕ್ಕೆ ಹಾಕಿದರು.

"ಹಂಗಾರ ಇಷ್ಟು ವರ್ಷ ನಾವು ಉಂಡಿದ್ದು ಅದಕ್ಕನ ಹಂಗಿತ್ತು ಅನ್ನು."

ನಾನು ನಕ್ಕುಬಿಟ್ಟೆ. ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಶನಿವಾರ ಮಗಳು ಕುದಿಯುವ ನೀರಿನ ರುಚಿ ನೋಡಿದಳು, ಬಸಿದ ಪಾಸ್ತಾ ಒಂದು ತುಣುಕು ಕಚ್ಚಿ ನೋಡಿದಳು, ರಸವನ್ನೂ ನೋಡಿದಳು. "ಗೆಳತಿ ಪಾಲಿಂದೂ ನಾನ ನೋಡಿದೆ," ಎಂದು ಬಂದು ಹೇಳಿದಳು. ಗೆಳತಿ ತನ್ನ ಪಾಲನ್ನು ಸಂಜೆ ರೋಜಾ ಬಿಡುವಾಗ ತಿನ್ನಲು ಡಬ್ಬಿಯಲ್ಲಿ ಒಯ್ದಿದ್ದಳಂತೆ. ಪಾತ್ರೆ ತೊಳೆದವರು ಯಾರೆಂದು ಕೇಳಿದೆ. ನಕ್ಕ ಹುಡುಗರೇ.

ಸೋಮವಾರ ಅವಳೇ ಮನೆಯಲ್ಲಿ ಮಾಡಿದಳು, ಎಡೆಗೆಂದು ಬೆಳ್ಳುಳ್ಳಿ ಬಿಟ್ಟು, ನನ್ನ ತವರಿನ ಖಾರದಪುಡಿ ಹಾಕಿ. ಇಲ್ಲಿ ರುಚಿ ನೋಡಲಿಲ್ಲ. ಉಪ್ಪನ್ನು ಅಂಗೈಗೆ ಸುರುವಿಕೊಂಡು, ತುಸು ಹೊತ್ತು ನೋಡಿ, ಅರ್ಧವನ್ನು ತಿರುಗಿ ಡಬ್ಬಿಗೆ ಹಾಕಿದಳು. ನಾನು ಎಡೆ ಹಿಡಿದೆ. ನಮ್ಮ ದೇವರಿಗೆ ಪಾಸ್ತಾ ಅದೇ ಮೊದಲು.

"ಶಾವಿಗಿ ನೀರು ಕುಡದು ಉಬ್ಬಿದಂಗ ಐತಿ," ಎಂದರು ಅತ್ತೆ. ಆದರೆ ತಟ್ಟೆ ಖಾಲಿ ಮಾಡಿದರು. ಊಟಕ್ಕೆ ಕೂತಾಗ ಆಗಾಗ ಕೇಳುವ ಉಪ್ಪಿನ ಡಬ್ಬಿಯನ್ನು ಅಂದು ಕೇಳಲಿಲ್ಲ.

ಮರುದಿನ ನಾನು ಸಾರು ಮಾಡಿ ಎಡೆ ಹಿಡಿದೆ. ಯಾರಿಗೂ ಬಡಿಸುವ ಮುನ್ನ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದೆ. ಉಪ್ಪು ಕಡಿಮೆ ಇತ್ತು. ಹಾಕಿದೆ.