ಬಾಷಾ ಸಾಬರನ್ನು ಕೂರಿಸಿದ ಆರು ವಾರ

ಕೆಲವು ವರ್ಷಗಳ ಹಿಂದೆ ನಾನು ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅಲ್ಲಿಗೆ ಬರುವ ಹಿರಿಯರನ್ನು ವ್ಯಾಯಾಮಕ್ಕೆ ಎಬ್ಬಿಸುವುದೇ ನನಗೆ ಕಷ್ಟದ ಕೆಲಸ. ಎಪ್ಪತ್ತೆರಡರ ಬಾಷಾ ಸಾಬರನ್ನು ಮಾತ್ರ ಕೂರಿಸುವುದು ಕಷ್ಟವಾಯಿತು.

ಅವರು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಹಳಿಯ ಬಿಗಿತ ನೋಡುತ್ತ ದಿನವೂ ಮೈಲಿಗಟ್ಟಲೆ ನಡೆಯುವ ಕೆಲಸ. ನಿವೃತ್ತಿಯಾದ ಮೇಲೂ ಬೆಳಗಿನ ಹತ್ತು ಕಿಲೋಮೀಟರ್ ಬಿಟ್ಟಿರಲಿಲ್ಲ. ಕಣಕಾಲಿನ ನೋವನ್ನು ಒಂದು ತಿಂಗಳು ಮುಚ್ಚಿಟ್ಟು ನಡೆದಿದ್ದರು. ಎಕ್ಸ್‌ರೇಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಕಾಣಿಸಿತು. ಅಂದರೆ, ಪದೇ ಪದೇ ಬಿದ್ದ ಭಾರಕ್ಕೆ ಮೂಳೆಯಲ್ಲಿ ಮೂಡಿದ ಕೂದಲೆಳೆಯಂಥ ಬಿರುಕು. ಪೂರಾ ಮುರಿದರೆ ಆಪರೇಷನ್ನೇ ಗತಿ. ಆರು ವಾರ ನಡಿಗೆ ಕೂಡದು ಎಂದರು ಮೂಳೆ ವೈದ್ಯರು. ನಾನೂ ಗದರಿಸಿ ಕಳಿಸಿದೆ.

ಹತ್ತು ದಿನ ಕಳೆದಿರಬೇಕು. ಕಡೂರಿನಿಂದ ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದೆ. ಊರ ಹೊರಗಿನ ರಸ್ತೆಯಲ್ಲಿ ಸಾಬರು ಕೋಲೂರಿ ಕುಂಟುತ್ತ ನಡೆಯುತ್ತಿದ್ದರು. ಬಸ್ ನಿಲ್ಲಿಸಿ ಇಳಿದೆ.

“ಸಾಬ್ರೇ, ಕಾಲು ಬೇಡ್ವಾ ನಿಮ್ಗೆ?”

ಅವರು ಮೋರಿಕಟ್ಟೆಗೆ ಒರಗಿ ನಿಂತರು. “ಕೂತ್ರೆ ಹೆದ್ರಿಕೆ ಆಯ್ತದೆ ಮೇಡಂ. ನಮ್ಮಣ್ಣ ಗಟ್ಟಿಯಾಳು. ರಿಟೈರಾಗಿ ಮನೇಲಿ ಕೂತ. ಮಾತು ಬಿಟ್ಟ, ಊಟ ಬಿಟ್ಟ. ಎರಡೇ ವರ್ಷ ಕಣ್ರೀ, ಹೋಗ್ಬಿಟ್ಟ.”

ಆಟೋದಲ್ಲಿ ಮನೆಗೆ ಕರೆದೊಯ್ದೆ. ಅವರ ಹೆಂಡತಿ ಜೈಬುನ್ನಿಸಾ, “ರಾತ್ರಿಯೆಲ್ಲ ನಿದ್ದೆ ಇಲ್ಲಮ್ಮಾ, ಗೋಡೆ ನೋಡ್ಕಂಡು ಕೂತಿರ್ತಾರೆ” ಎಂದರು. ನನಗೆ ನಾಚಿಕೆಯಾಯಿತು. ನಾನು ಬರೆದಿದ್ದ ಕೇಸ್ ಶೀಟಿನಲ್ಲಿ ಇದ್ದದ್ದು ಬರೀ ಕಾಲು.

ಮರುದಿನದಿಂದಲೇ ಅವರ ಮನೆಯಲ್ಲಿ, ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮ ಶುರು ಮಾಡಿಸಿದೆ. ನೀರು ತುಂಬಿದ ಬಾಟಲಿಗಳೇ ತೂಕ. ತೋಳಿಗೆ, ಬೆನ್ನಿಗೆ, ಉಸಿರಿಗೆ ಬೇರೆ ಬೇರೆ ಅಭ್ಯಾಸ. ಹೊತ್ತು ಮಾತ್ರ ಅವರ ನಡಿಗೆಯದೇ, ಬೆಳಿಗ್ಗೆ ಐದೂವರೆ. ಮೊದಲ ದಿನ “ಇದೇನು ಮಕ್ಕಳಾಟ” ಎಂದು ಗೊಣಗಿದವರು ಮೂರನೆಯ ದಿನಕ್ಕೆ ಬೆವರಿದರು. ವಾರದೊಳಗೆ ಜೈಬುನ್ನಿಸಾ ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿಕೊಂಡಿದ್ದರು. ಎಣಿಕೆ ತಪ್ಪಿದರೆ ಗಂಡನಿಗೆ ಬೈಗುಳ! ಸಾಬರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗಲೇ.

ಅಲ್ಲಿಂದ ಆರು ವಾರದ ಹೊತ್ತಿಗೆ ಮೂಳೆ ಕೂಡಿತ್ತು. ಮೊದಲ ದಿನ ಅರ್ಧ ಕಿಲೋಮೀಟರಿಗಷ್ಟೇ ಅನುಮತಿ. ಅವರು ಅಷ್ಟಕ್ಕೇ ನಿಲ್ಲಿಸಲಾರರು ಎಂಬ ಭಯದಿಂದ ನಾನೂ ಜೊತೆಗೆ ಹೋದೆ. ಗುರುತು ಮಾಡಿದ ಮರದ ಬಳಿ ತಾವಾಗಿಯೇ ನಿಂತು ಮುಂದಿನ ರಸ್ತೆಯನ್ನು ಬಹಳ ಹೊತ್ತು ನೋಡಿದರು.

“ಹೋಗೋ ಆಸೆ ಐತೆ ಮೇಡಂ. ಆದ್ರೆ ಅವಳು ಕುರ್ಚಿ ಹಾಕ್ಕಂಡು ಕಾಯ್ತಾವ್ಳೆ. ಮನೆಗೆ ನಡೀರಿ.”

ಯಾರಿಗಾದರೂ ‘ಮಾಡಬೇಡಿ’ ಎಂದು ಬರೆಯುವ ಮೊದಲು, ಅದರ ಜಾಗಕ್ಕೆ ಏನು ಕೊಡುತ್ತೇನೆಂದು ನನಗೆ ಗೊತ್ತಿರಬೇಕು. ಇದನ್ನು ಕಾಲೇಜು ನನಗೆ ಕಲಿಸಿರಲಿಲ್ಲ.