ಸಾಹೇಬರನ್ನು ತಡೆದದ್ದು ನಾನು

ಡೆಹ್ರಾಡೂನ್ ಹತ್ತಿರದ ರೇಷ್ಮೆ ಸಾಕಣೆ ಕೇಂದ್ರಕ್ಕೆ ಕೆಲಸಕ್ಕೆ ಬಂದ ಮೊದಲ ದಿನವೇ ಹುರಿಮೀಸೆಯ ಕಾವಲುಗಾರ "ಮೈನೇ ರೋಟಿ ಖಾಯೀ" ಅಂದ, ರೊಟ್ಟಿ ತಿಂದೆ ಅಂತ. ನನಗೆ ಗೊತ್ತಿದ್ದ ಅಷ್ಟಿಷ್ಟು ಹಿಂದಿಯಲ್ಲಿ 'ಖಾಯೀ' ಅನ್ನೋದು ಹೆಂಗಸಿನ ಮಾತು. ನಕ್ಕುಬಿಟ್ಟೆ. ಜೊತೆಯಲ್ಲಿ ಕೆಲಸ ಮಾಡುವ ಕಮಲಾ ದೀದಿ ತಿದ್ದಿದರು: ಹೆಣ್ಣು ಅವನಲ್ಲ, ರೊಟ್ಟಿ. ಮುಗಿದ ಕೆಲಸ ಹೇಳುವಾಗ ಮಾಡಿದವರಿಗೆ 'ನೇ' ಹಚ್ಚುತ್ತಾರೆ. ಆಮೇಲೆ ಕ್ರಿಯಾಪದ ಅವರ ಮಾತು ಕೇಳುವುದಿಲ್ಲ, ರೊಟ್ಟಿಯ ಮಾತು ಕೇಳುತ್ತದೆ.

ನಮ್ಮ ದಿಬ್ಬೂರಹಳ್ಳಿಯಲ್ಲಿ ಮಾಡಿದವರಿಗೆ ಏನೂ ಹಚ್ಚುವುದಿಲ್ಲ. 'ಹುಳಾನ ನೋಡ್ದೆ' ಅಂದರೆ ಸಾಕು. ಹುಳಕ್ಕೆ 'ನ' ಅಂಟಿತು, ನೋಡಿದವಳು ನಾನೆಂದು 'ನೋಡ್ದೆ'ಯೇ ಹೇಳಿತು. ಊರಲ್ಲಾಡುವ ತೆಲುಗಿನಲ್ಲೂ ಅಷ್ಟೇ. ಹಾಗಾಗಿ 'ನೇ' ನನ್ನ ನಾಲಿಗೆಗೆ ಹತ್ತಲಿಲ್ಲ. ಎಲ್ಲರೂ ಸಾಹಬ್ ಎನ್ನುವ ಮೇಲ್ವಿಚಾರಕರು "ಮದ್ರಾಸಿ ಹಿಂದಿ" ಎಂದು ಹಂಗಿಸುತ್ತಿದ್ದರು.

ಮಾರ್ಚ್‌ನಲ್ಲಿ ಪಕ್ಕದ ಮಾವಿನ ತೋಪಿಗೆ ಔಷಧಿ ಹೊಡೆದರು. ಗಾಳಿ ನಮ್ಮ ಹಿಪ್ಪುನೇರಳೆ ಕಡೆಗಿತ್ತು. ಸೊಪ್ಪು ಕೊಯ್ಯಿಸಲು ಬಂದ ಸಾಹೇಬರಿಗೆ ಅಡ್ಡ ನಿಂತೆ. ನನ್ನನ್ನು ಸರಿಸಿ ಕೊಯ್ಯಿಸಿ ಹುಳಕ್ಕೆ ಹಾಕಿಸಿದರು. ಮರುದಿನ ತಟ್ಟೆ ತಟ್ಟೆಯಲ್ಲೂ ಹುಳ ಹಸಿರು ಕಾರಿಕೊಂಡು ಸತ್ತಿದ್ದವು. ಗೂಡು ಕಟ್ಟಲು ವಾರವಷ್ಟೇ ಬಾಕಿ ಇತ್ತು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಗಾಬರಿಯಲ್ಲಿ 'ನೇ' ಬಿಟ್ಟು "ಮೈ ಸಾಹಬ್ ರೋಕಾ" ಅಂದೆ. ಗುಮಾಸ್ತ ಬರೆದುಕೊಂಡು ಓದಿದ: "ಸಾಹಬ್ ನೇ ಮಂಜುಳಾ ಕೋ ರೋಕಾ." ಅಂದರೆ ಸಾಹೇಬರು ನನ್ನನ್ನು ತಡೆದರು; ಸೊಪ್ಪು ಕೊಯ್ಯಲು ಹೋದವಳು ನಾನು! ಕನ್ನಡದಲ್ಲಾಗಿದ್ದರೆ 'ತಡೆದೆ' ಎಂದೋ 'ತಡೆದರು' ಎಂದೋ ಅಲ್ಲೇ ಗೊತ್ತಾಗುತ್ತಿತ್ತು. ಇಲ್ಲಿ 'ಕೋ' ಅಂದರೆ ನಮ್ಮ 'ಅನ್ನು'; ಅದು ಅಂಟಿದ ಮೇಲೆ ಯಾರು ತಡೆದರೂ, ಯಾರನ್ನು ತಡೆದರೂ 'ರೋಕಾ'. ನಾಲಿಗೆಗೆ ಹತ್ತದ 'ನೇ' ಆಗ ಕಿವಿಗೆ ಚುಚ್ಚಿತು.

"ಸೈನ್ ಮಾಡು," ಅಂದ ಗುಮಾಸ್ತ.

"ಮಾಡಲ್ಲ."

"ಒಂದಕ್ಷರಕ್ಕೆ ಇಷ್ಟು ರಂಪವೇ?" ಸಾಹೇಬರು ಗದರಿದರು.

"ಮೈನೇ. ಸಾಹಬ್ ಕೋ. ರೋಕಾ." ಒಂದೊಂದೇ ಪದ ಬಿಡಿಸಿ ಹೇಳಿದೆ.

"ನಾನು ಅಲ್ಲೇ ಇದ್ದೆ. ತಡೆದದ್ದು ಇವಳೇ," ಎಂದು ಕಮಲಾ ದೀದಿ ಎದ್ದು ನಿಂತರು. ಅಧಿಕಾರಿ ಆ ಹಾಳೆ ಹರಿದು ಹೊಸದಾಗಿ ಬರೆಸಿದರು. ಆಮೇಲೆ ಸಹಿ ಹಾಕಿದೆ. ಸಾಹೇಬರು ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅಮ್ಮ ಮುಖ ನೋಡಿದಳು.

"ಏನೇ ಇದು, ನಾನು ತಿಂದೆ, ನಾನು ಹೇಳ್ದೆ, ಬರೀ ನಾನು ನಾನು! ತಿಂದೆ ಅಂದ್ರೆ ನೀನೇ ತಿಂದಿದ್ದು ಅಂತ ನಮ್ಗೆ ಗೊತ್ತಾಗಲ್ವೇನಮ್ಮ? ಆ ಊರವಳೇ ಆಗ್ಬಿಟ್ಟೆ ಕಣೇ."

ಊರಲ್ಲಿ 'ನಾನು' ಅನ್ನದಿದ್ದರೂ ತಿಳಿಯುತ್ತದೆ. ಅಲ್ಲಿ 'ನಾನು' ಅನ್ನದಿದ್ದರೆ ಬೇರೆಯವರು ತಮಗೆ ಬೇಕಾದಂತೆ ಬರೆದುಕೊಳ್ಳುತ್ತಾರೆ. ಅದನ್ನೆಲ್ಲ ಅಮ್ಮನಿಗೆ ಹೇಗೆ ಬಿಡಿಸಿ ಹೇಳಲಿ?

"ಅಂತೀನಿ, ಏನೀಗ?" ಅಂದೆ.

ಅಮ್ಮ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.