ಮೇಷ್ಟ್ರ ತೋರುಬೆರಳು

ಜಗತ್ತಿನ ಯಾವ ದ್ರವವೂ ಸಂತೋಷದಿಂದ ಹರಿಯುವುದಿಲ್ಲ. ಪ್ರತಿಯೊಂದೂ ತನ್ನ ಯೋಗ್ಯತೆಗೆ ತಕ್ಕಷ್ಟು ಹಟ ಮಾಡುತ್ತದೆ, ಆ ಹಟವನ್ನು ಅಳೆಯಲು ಮನುಷ್ಯಕುಲ ಬಹುಕಾಲದಿಂದ ಹೆಣಗಿದೆ. ನಮ್ಮ ಮೇಷ್ಟ್ರು ಅದನ್ನು ಬಲಗೈ ತೋರುಬೆರಳಿನಲ್ಲಿ ಅಳೆದು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು.

ಆ ಬೆರಳಿನ ಉಗುರು ಹಳದಿಗಟ್ಟಿತ್ತು, ತುದಿ ನುಣ್ಣಗೆ ಹೊಳೆಯುತ್ತಿತ್ತು. ಪ್ಯಾಂಟಿನ ಬಲಜೇಬಿನ ಅಂಚಿಗೆ ಯಾವ ಸೋಪಿಗೂ ಬಗ್ಗದ ಕಪ್ಪು ಪಟ್ಟಿಯೊಂದು ಕಾಯಂ ಆಗಿತ್ತು.

ಪಾಲಿಟೆಕ್ನಿಕ್ಕಿನಲ್ಲಿ ನನಗೆ ಪಾಠ ಹೇಳಿದವರು. ಉತ್ತರದಲ್ಲಿ ಬರೀ ಅಂಕಿ ಬರೆದು ಅಳತೆಯ ಹೆಸರು ಬಿಟ್ಟರೆ ಉತ್ತರಪತ್ರಿಕೆಯನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸುತ್ತಿದ್ದರು. "ಏನಯ್ಯ ಇದು ಮುಕ್ಕಾಲು? ಮುಕ್ಕಾಲು ಏನು? ಮುಕ್ಕಾಲು ಎಮ್ಮೆಯಾ?"

ನಿವೃತ್ತರಾದ ಮೇಲೆ ಮೇಷ್ಟ್ರು, ನಾನು ಡ್ರಾಯಿಂಗ್ ಮಾಡುತ್ತಿದ್ದ ಪಂಪ್ ಕಾರ್ಖಾನೆಗೇ ಸಲಹೆಗಾರರಾಗಿ ಬಂದರು. ಬೆಂಗಳೂರಿನ ಜರಗನಹಳ್ಳಿಯ ಹಿಂಭಾಗದಲ್ಲಿದ್ದ ಆ ಜಾಗದಲ್ಲಿ ಮಾಲೀಕರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಮಗ ಶೆಡ್ಡು ಹಾಕಿಸಿ, ಎಣ್ಣೆ ಸಾಗಿಸುವ ಗೇರ್ ಪಂಪುಗಳನ್ನು ಬೆಳೆಯುತ್ತಿದ್ದರು. ಅಮೆರಿಕದ ಗಿರಾಕಿಗಳು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಅದೆಷ್ಟು ಮಂದ ಎಂಬುದನ್ನು, ಪೌಂಡು, ಅಡಿ, ಸೆಕೆಂಡುಗಳಲ್ಲಿ ಬರೆದು ಕಳಿಸುತ್ತಿದ್ದರು. ನಮ್ಮ ಲೆಕ್ಕವೆಲ್ಲ ಪ್ಯಾಸ್ಕಲ್-ಸೆಕೆಂಡಿನಲ್ಲಿ. ಆ ದಡದಿಂದ ಈ ದಡಕ್ಕೆ ದಾಟಿಸುವುದು ಮೇಷ್ಟ್ರ ಕೆಲಸ.

ಕಂಪ್ಯೂಟರಿಗೆ ಅದು ಚಿಟಿಕೆ ಹೊಡೆಯುವ ಕೆಲಸ. ಮೇಷ್ಟ್ರು ಮಾತ್ರ ಕಾಗದದ ಮೇಲೆ ಪೌಂಡನ್ನು ಕಿಲೋಗೆ, ಅಡಿಯನ್ನು ಮೀಟರಿಗೆ ಇಳಿಸಿ, ನಾಲ್ಕು ದಶಮಾಂಶದವರೆಗೆ ಹೋಗಿ, ಆಮೇಲೆ ಸ್ಯಾಂಪಲ್ ಸೀಸೆಯೊಳಗೆ ಬೆರಳು ಅದ್ದುತ್ತಿದ್ದರು. ಹೆಬ್ಬೆರಳಿಗೆ ತಿಕ್ಕಿ, ಎಳೆ ಬರುವುದನ್ನು ನೋಡಿ, "ಹ್ಞೂಂ, ಲೆಕ್ಕ ಸುಳ್ಳು ಹೇಳ್ತಿಲ್ಲ" ಎಂದ ಮೇಲೆಯೇ ಸಹಿ. ನೀರು ಒಂದಾದರೆ ಹರಳೆಣ್ಣೆ ಸಾವಿರ, ಜೇನು ಹತ್ತು ಸಾವಿರ, ಇದು ಅವರ ಮಗ್ಗಿ.

ಅವರ ಕೆಲಸ ಪ್ರತಿ ಯುಗಾದಿಗೆ ಒಂದು ವರ್ಷ ಮುಂದುವರಿಯುತ್ತಿತ್ತು. ಮುಂದುವರಿಯಲೇಬೇಕಿತ್ತು. "ಮನೇಲಿ ಕೂತ್ರೆ ನಾನು ಬರೀ ಮುದುಕ ಕಣಯ್ಯ," ಎನ್ನುತ್ತಿದ್ದರು. "ಇಲ್ಲಿ ಬಂದ್ರೆ ಮುದುಕ ಇಂಜಿನಿಯರು."

ಆ ವರ್ಷ ಅಮೆರಿಕದ ಕಂಪನಿಯೊಂದು ಹೊಸೂರಿನಲ್ಲಿ ತೆರೆಯಲಿದ್ದ ಘಟಕಕ್ಕೆ ಪಂಪು ಕೇಳಿತು. ಎಣ್ಣೆ ಇನ್ನೂ ಬಂದಿರಲಿಲ್ಲ. ಅದರ ವಿವರ ಮಾತ್ರ ಬಂದಿತ್ತು. ಸ್ನಿಗ್ಧತೆ ಅಡಿ-ಸೆಕೆಂಡಿಗೆ ಅರ್ಧ ಪೌಂಡು, ನೂರು ಡಿಗ್ರಿಯಲ್ಲಿ. ಪಂಪು ಓಡಬೇಕಾದದ್ದು ನಲವತ್ತು ಡಿಗ್ರಿ ಸೆಲ್ಸಿಯಸ್ಸಿನಲ್ಲಿ.

"ಸ್ಯಾಂಪಲ್ ಬರ್ಲಿ ಸ್ವಾಮಿ," ಎಂದರು ಮೇಷ್ಟ್ರು.

"ಅದು ಕಸ್ಟಮ್ಸಲ್ಲಿ ಸಿಕ್ಕಾಕ್ಕೊಂಡಿದೆ ಮೇಷ್ಟ್ರೇ," ಎಂದರು ಮಾಲೀಕರು. "ನೀವು ಬೆರಳು ಅದ್ದೋವರ್ಗೂ ಕಾಯಿರಿ ಅಂತ ಅಮೆರಿಕದೋರಿಗೆ ಹೇಳ್ಲಾ? ನಗ್ತಾರೆ."

"ನಗ್ಲಿ ಬಿಡಿ. ನಗೋದಕ್ಕೆ ಯೂನಿಟ್ ಇಲ್ಲ."

ಮಾಲೀಕರು ದನಿ ತಗ್ಗಿಸಿದರು. "ನೋಡಿ, ಯುಗಾದಿ ಹತ್ರ ಬಂತು. ಮುಂದಿನ ವರ್ಷಾನೂ ನೀವಿರ್ಬೇಕು ಅಂತ ನನಗೂ ಆಸೆ. ಆದ್ರೆ ಎಲ್ಲಕ್ಕೂ ಹಿಂಗೆ ಅಡ್ಡ ಕೂತ್ರೆ ಹೆಂಗೆ?"

ಮೇಷ್ಟ್ರು ಕಿಟಕಿ ಪಕ್ಕದ ತಮ್ಮ ಕುರ್ಚಿಯನ್ನು ನೋಡಿದರು. ಆಮೇಲೆ ಅದರಲ್ಲಿ ಕೂತು ಲೆಕ್ಕ ಮಾಡಿದರು. ಪೌಂಡು ಕಿಲೋ ಆಯಿತು, ಅಡಿ ಮೀಟರಾಯಿತು, ಒಂದು ದಶಮಾಂಶವೂ ಆಚೀಚೆ ಆಗಲಿಲ್ಲ. ಉತ್ತರ ಮುಕ್ಕಾಲು ಪ್ಯಾಸ್ಕಲ್-ಸೆಕೆಂಡು, ಹೆಚ್ಚುಕಡಿಮೆ ಹರಳೆಣ್ಣೆ. ನೂರು ಡಿಗ್ರಿಯಲ್ಲೇ ಹರಳೆಣ್ಣೆಯಷ್ಟು ಮಂದವಾಗಿರುವ ಎಣ್ಣೆ ನಲವತ್ತಕ್ಕೆ ಆರಿದರೆ ಜೇನಿಗಿಂತ ಮಂದವಾಗಬೇಕು. ಅಂಥದ್ದಕ್ಕೆ ತಕ್ಕಂತೆ ಗೇರುಗಳ ಸುತ್ತ ಹೆಚ್ಚು ಸಂದು ಬಿಟ್ಟು, ದೊಡ್ಡ ಮೋಟಾರು ಬರೆದು, ಬೆರಳು ಅದ್ದದೆ ಸಹಿ ಹಾಕಿದರು.

ಪಂಪು ಹೊಸೂರು ಸೇರಿದ ಮೇಲೆ ಸೀಸೆ ಬಂತು. ಮೇಷ್ಟ್ರು ಬೆರಳು ಅದ್ದಿ ಎತ್ತಿದರು. ಬೆಂಗಳೂರಿನ ಮಾಮೂಲಿ ಬಿಸಿಲಿನಲ್ಲಿ ಜೇನಿಗಿಂತ ಮಂದವಾಗಿರಬೇಕಾದ ಎಣ್ಣೆ ಬೆರಳಿನಿಂದ ಸಲೀಸಾಗಿ ಇಳಿದುಹೋಯಿತು.

"ಹರಳೆಣ್ಣೆ," ಎಂದರು. ಅಮೆರಿಕದಿಂದ ಬಂದಿದ್ದ ವಿವರದ ಕಾಗದವನ್ನು ಮತ್ತೆ ತೆಗೆದು ನೋಡಿದರು. "ಅದು ಫ್ಯಾರನ್‌ಹೀಟ್ ಕಣಯ್ಯ. ಪೌಂಡಲ್ಲಿ ತೂಗೋನು ಸೆಲ್ಸಿಯಸ್ಸಲ್ಲಿ ಯಾಕೆ ಬಿಸಿ ಮಾಡ್ತಾನೆ?"

ಫ್ಯಾರನ್‌ಹೀಟಿನ ನೂರು ಅಂದರೆ ಸೆಲ್ಸಿಯಸ್ಸಿನ ಮೂವತ್ತೆಂಟು. ಎಣ್ಣೆ ಕೊಟ್ಟ ಅಂಕಿಯಷ್ಟೇ ಮಂದ, ಅದಕ್ಕಿಂತ ಹೆಚ್ಚಿಲ್ಲ. ಪೌಂಡನ್ನೂ ಅಡಿಯನ್ನೂ ತಡೆದು ವಿಚಾರಿಸಿದವರು ಡಿಗ್ರಿಯನ್ನು ಮಾತ್ರ ಒಳಗೆ ಬಿಟ್ಟುಕೊಂಡಿದ್ದರು.

"ನೂರು ಏನು?" ಎಂದು ತಮ್ಮನ್ನೇ ಕೇಳಿಕೊಂಡರು. "ನೂರು ಎಮ್ಮೆ."

ನಾನು ನಗಲಿಲ್ಲ. ಬೆರಳು ಒರೆಸಿಕೊಳ್ಳದೆ ಅವರು ಮಾಲೀಕರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

"ಸೈನ್ ಯಾರ್ದು ಮೇಷ್ಟ್ರೇ?"

"ನಂದೇ."

"ಮತ್ತೆ ಮುಗೀತಲ್ಲ."

ಸ್ಯಾಂಪಲ್ಲಿನ ಮಾತನ್ನು ಮೇಷ್ಟ್ರು ಎತ್ತಲೇ ಇಲ್ಲ. ನಾನು ಎತ್ತಿದೆ. ಮಾಲೀಕರು ನನ್ನ ಕಡೆ ತಿರುಗಿ, "ನಿಮ್ಗೂ ಯುಗಾದಿ ಬರತ್ತೆ ಕಣ್ರೀ," ಎಂದರು. ಮೇಷ್ಟ್ರು ಎಣ್ಣೆ ಹತ್ತಿದ ಬೆರಳನ್ನೆತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದರು.

ಹೊಸೂರಿನಲ್ಲಿ ಮೋಟಾರು ಘನಗಾಂಭೀರ್ಯದಿಂದ ತಿರುಗಿತು. ಎಣ್ಣೆ ಅಷ್ಟಗಲದ ಸಂದಿನಲ್ಲಿ ನುಸುಳಿ ಹೊರಟಲ್ಲಿಗೇ ವಾಪಸಾಯಿತು. ಯುಗಾದಿಗೆ ಮುಂಚೆಯೇ ಮೇಷ್ಟ್ರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ ಆಯಿತು. "ಮೇಷ್ಟ್ರು ಅಂದ್ರೆ ನಿಖರತೆ," ಎಂದು ಮಾಲೀಕರು ಭಾಷಣ ಮಾಡಿದರು, ನಾವು ಚಪ್ಪಾಳೆ ತಟ್ಟಿದೆವು. ಪೇಟ ತೆಗೆದು ಬುಟ್ಟಿಯ ಮೇಲಿಟ್ಟುಕೊಂಡು ಅವರು ಕನಕಪುರ ರಸ್ತೆಯಲ್ಲಿ ಬಸ್ಸಿಗೆ ನಿಂತರು. ಸುತ್ತಲಿನ ಕಾರ್ಖಾನೆಗಳಿಗೆ ತಲುಪಿದ್ದು ಒಂದೇ ಸುದ್ದಿ: ಡಿಗ್ರಿ ಯಾವುದೆಂದು ತಿಳಿಯದ ಮೇಷ್ಟ್ರು. ಮತ್ತೆ ಯಾರೂ ಕರೆಯಲಿಲ್ಲ.

ಇಟ್ಟಮಡುವಿನ ಅವರ ಮನೆಗೆ ಹೋದಾಗ ಅವರ ಮನೆಯವರು ನನಗೆ ಎಲೆ ಹಾಕಿದರು. "ನೋಡಪ್ಪ, ಮೊದ್ಲು ತುಪ್ಪದ ಡಬ್ಬಿಗೂ ಬೆರಳು ಹಾಕಿ ನನ್ ಹತ್ರ ಬೈಸ್ಕೋತಿದ್ರು. ಈಗ ಚಮಚ ಕೇಳ್ತಾರೆ," ಎಂದರು. ಅವರಿಗೆ ಈಗ ಬೈಯಲಾಗದ್ದೇ ಸಂಕಟವಾಗಿತ್ತು.

"ಬೆರಳಿಗೂ ರಿಟೈರ್ಮೆಂಟ್ ಆಯ್ತು ಬಿಡೇ," ಎಂದರು ಮೇಷ್ಟ್ರು.

ಮುಂದಿನ ಯುಗಾದಿ ಅವರು ನೋಡಲಿಲ್ಲ. ಮಾಲೀಕರು ದೊಡ್ಡ ಹಾರ ತಂದಿದ್ದರು. ಹಾರದ ಕೆಳಗೆ ಕಾಣುತ್ತಿದ್ದ ತೋರುಬೆರಳಿನ ಉಗುರು ಎಲ್ಲರ ಉಗುರಿನಂತೆ ಬೆಳ್ಳಗಾಗಿತ್ತು. ಯಾವ ಅಂಕಿ ಕಂಡರೂ 'ಏನು?' ಎಂದು ಕೇಳುವ ನನ್ನ ರೋಗ ಆ ಬೆರಳಿನಿಂದ ಅಂಟಿದ್ದು. ಅದರಿಂದಲೇ ನನಗೆ ಅನ್ನ ಹುಟ್ಟುತ್ತಿದೆ.

ಹೊಸೂರಿನ ಪಂಪಿಗೆ ಬೇರೆ ಗೇರು ಹಾಕಿದೆವು, ಓಡುತ್ತಿದೆ. ಸ್ಯಾಂಪಲ್ ಪರೀಕ್ಷಿಸದೆ ಯಾರೂ ಸಹಿ ಹಾಕಕೂಡದೆಂದು ನಮ್ಮ ಕಾರ್ಖಾನೆಯ ಗೋಡೆಗೆ ಬೋರ್ಡು ಹಾಕಿದ್ದಾರೆ. ಕೆಳಗೆ ಮಾಲೀಕರ ಸಹಿ ಇದೆ.